ಬೇರೆಯವರ ರಕ್ತದಲ್ಲಿ ಬಂದ ಉತ್ತರ

ಆ ಬೆಳಿಗ್ಗೆ ಸುಗಟೂರಿನ ಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆ. ವರ್ಷ ತುಂಬಿದ ನನ್ನ ಮಗಳು ಒಂದು ಎಲೆ ಬಾಯಿಗಿಟ್ಟುಕೊಂಡು, ರುಚಿ ಹಿಡಿಸದೆ ಮುಖ ಕಿವುಚಿದಳು. "ನೀನೂ ಗೂಡು ಕಟ್ತೀಯೇನೇ?" ಎಂದು ಮಾವನವರು ಕಿಚಾಯಿಸಿದರು. ಮಾಮೂಲಿಯಾಗಿದ್ದ ಕೊನೆಯ ದಿನ ಅದು. ನೆಗಡಿ, ಜ್ವರ ಅವಳಿಗೆ ಮೊದಲಿನಿಂದಲೂ ಇದ್ದವು. ಮಕ್ಕಳಿಗೆ ಇದ್ದದ್ದೇ ಅಂದುಕೊಂಡಿದ್ದೆವು. ಮರುದಿನ ಜ್ವರದ ಜೊತೆ ಮೈಯೆಲ್ಲ ಬಿಳಿಚಿಕೊಂಡಿತು.

ಕೋಲಾರದ ಆಸ್ಪತ್ರೆಯಲ್ಲಿ ಕೂಡಲೇ ರಕ್ತ ಏರಿಸಬೇಕು ಎಂದರು. ಬೈರಕೂರಿನಿಂದ ನನ್ನ ತಮ್ಮ ಬೈಕಿನಲ್ಲಿ ಬಂದ. ಅವನ ರಕ್ತ ತೆಗೆದುಕೊಂಡು, ಬದಲಿಗೆ ಮಗುವಿಗೆ ಹೊಂದುವ ಬೇರೆ ಯಾರದೋ ರಕ್ತದ ಚೀಲ ಕೊಟ್ಟರು. ಸಂಜೆಗೆ ಅವಳ ತುಟಿಗೆ ಬಣ್ಣ ಬಂತು. "ನೋಡಕ್ಕ, ಟೊಮೇಟೊ ಹಣ್ಣಂಗಾದ್ಲು!" ಎಂದ ತಮ್ಮ.

ಆಮೇಲೆ ಬೆಂಗಳೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರಮ್ಮ ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು: ಮೈಯಲ್ಲಿ ಪ್ಯೂರಿನ್ ಎಂಬ ವಸ್ತು ಇರುತ್ತದೆ, ಅದನ್ನು ಒಡೆಯಲು ಒಂದು ಕಿಣ್ವ ಬೇಕು. ಅದಿಲ್ಲದಿದ್ದರೆ ಒಡೆಯದೆ ಉಳಿದದ್ದು ವಿಷವಾಗಿ, ರೋಗ ತಡೆಯುವ ಕಣಗಳನ್ನು ಕೊಲ್ಲುತ್ತದೆ; ಕೆಲವರಲ್ಲಿ ಮೈ ತನ್ನದೇ ರಕ್ತವನ್ನೂ ನಾಶಮಾಡುತ್ತದೆ. ಒಡೆದ ಮೇಲೆ ಕೊನೆಗೆ ಸಿಗಬೇಕಾದ ಯೂರಿಕ್ ಆಸಿಡ್ ಮಗುವಿನಲ್ಲಿ ತೀರಾ ಕಡಿಮೆ ಇತ್ತು, ಅದಕ್ಕೇ ಅನುಮಾನ. ಕೀಲುನೋವಿನ ನಮ್ಮ ಮಾವನವರಿಗೆ ಅದು ಯಾವಾಗಲೂ ಹೆಚ್ಚು. "ನಂದು ಸೊಲ್ಪ ಮಗೂಗೆ ಕೊಡಕ್ಕಾಗಲ್ವಾಮ್ಮಾ?" ಎಂದು ಕೇಳಿದರು. ಡಾಕ್ಟರಮ್ಮ ನಗಲಿಲ್ಲ.

ಆ ಕಿಣ್ವವನ್ನು ಕೆಂಪು ರಕ್ತಕಣಗಳಲ್ಲಿ ಅಳೆಯುತ್ತಾರೆ. ಸರಿಯಾಗಿದೆ ಎಂದು ಬಂತು. ನಾವು ಕೈ ಮುಗಿದೆವು.

"ಇದಕ್ಕೆ ಮುಂಚೆ ರಕ್ತ ಏರ್ಸಿದ್ರಾ?" ಎಂದು ಡಾಕ್ಟರಮ್ಮ ಕೇಳಿದರು. ಹೌದು ಎಂದೆ. "ಹಂಗಾದ್ರೆ ನಾವು ಅಳೆದಿದ್ದು ರಕ್ತ ಕೊಟ್ಟೋರ ಕಿಣ್ವ ಇರ್ಬೋದಮ್ಮ. ಆ ಕಣಗಳು ಹೋಗಕ್ಕೆ ಮೂರ್ನಾಕು ತಿಂಗಳು ಬೇಕು. ಆಮೇಲೆ ನೋಡಿದ್ರೆ ಗೊತ್ತಾಗುತ್ತೆ."

ಅಷ್ಟರಲ್ಲಿ ಅವಳ ರಕ್ತ ಮತ್ತೆ ಇಳಿಯಿತು, ಮತ್ತೆ ಚೀಲ ಏರಿಸಿದರು. ಏರಿಸದಿದ್ದರೆ ಉಳಿಯುವುದಿಲ್ಲ, ಏರಿಸಿದರೆ ಗೊತ್ತಾಗುವುದಿಲ್ಲ. ದೇವರಲ್ಲಿ ಏನನ್ನು ಬೇಡಿಕೊಳ್ಳಬೇಕೆಂದೇ ತಿಳಿಯದೆ ಕೂತಿದ್ದೆ. ಬೇರೊಂದು ಪರೀಕ್ಷೆ ಇದೆ ಎಂದರು. ಅದನ್ನು ಮಾಡಿಸುವ ಮುಂಚೆಯೇ ನ್ಯುಮೋನಿಯ ಬಂದು ಅವಳು ಹೋದಳು.

"ನಾವು ರಕ್ತ ಏರ್ಸಿದ್ದೇ ತಪ್ಪಾಯ್ತೇನಕ್ಕಾ?" ಎಂದು ತಮ್ಮ ಈಗಲೂ ಕೇಳುತ್ತಾನೆ.

"ಇಲ್ಲ ಕಣೋ. ಆ ಸಂಜೆ ಅವಳು ಎದ್ದು ಕೂತಿದ್ಲಲ್ಲ," ಎನ್ನುತ್ತೇನೆ.

ಈ ಕಾಯಿಲೆ ತಂದೆತಾಯಿ ಇಬ್ಬರಿಂದಲೂ ಬರುವಂಥದ್ದು, ಹಾಗಾಗಿ ನನ್ನ ಮತ್ತು ನನ್ನ ಗಂಡನ ರಕ್ತ ನೋಡಿದರೆ ಅಂದಾಜು ಹೇಳಬಹುದಂತೆ. ಗಂಡ ಬೇಡ ಎನ್ನುತ್ತಾರೆ. ನನಗೆ ಬೇಕೋ ಬೇಡವೋ, ಒಂದೊಂದು ದಿನ ಒಂದೊಂದು ಥರ ಅನಿಸುತ್ತದೆ. ಮೊದಲ ಚೀಲ ಏರಿಸುವ ಮುಂಚಿನ, ಅವಳದೇ ಆದ ರಕ್ತ ಒಂದು ಹನಿಯೂ ಎಲ್ಲೂ ಉಳಿದಿಲ್ಲ.