ಸಿಪಾಯಿ ಊರಿಗೆ ಬಂದನೇನ್ರಿ?

ಎಂಬತ್ತರ ದಶಕದಲ್ಲಿ ಮಾನ್ವಿಯಲ್ಲಿ ಮಾಸ್ತರನಾಗಿದ್ದಾಗ, ಕೇಳಲಿ ಬಿಡಲಿ, ಎಲ್ಲರಿಗೂ ಓದಲು ಕಾದಂಬರಿ ಹೇಳುವ ಚಟ ನನಗಿತ್ತು. ನಮ್ಮ ಶಾಲೆಯ ಶಾಂತಾ ಟೀಚರಿಗೆ ರಾಯಚೂರಿನಿಂದ ಪತ್ತೇದಾರಿ ಕಾದಂಬರಿ ತಂದುಕೊಡುತ್ತಿದ್ದೆ. ಸಂಜೆ ರೊಟ್ಟಿ ಬಡಿಯುವ ತಮ್ಮ ಅತ್ತೆಗೆ ಅವರು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ಒಂದು ದಿನ ಟೀಚರ್, "ನಮ್ಮತ್ತಿಗೆ ಕೊಲಿ ಕಥಿ ಸಾಕಾಗ್ಯಾವಂತ್ರಿ. ಬ್ಯಾರೆ ಏನರ ಕೊಡ್ರಿ" ಎಂದರು. ನಾನು ಮಹಾ ಜಾಣನಂತೆ ಯುದ್ಧಕಾಲದ ಕಾದಂಬರಿ ಕೊಟ್ಟೆ. ಅದರಲ್ಲಿ ಹಳ್ಳಿಯ ಹುಡುಗನೊಬ್ಬ ಸಿಪಾಯಿಯಾಗಿ ಬರ್ಮಾಕ್ಕೆ ಹೋಗುತ್ತಾನೆ.

ವಾರದೊಳಗೆ ಟೀಚರ್ ಸಿಟ್ಟಿನಿಂದ ಬಂದರು. "ಕಡೀಗೆ ಅಂವ ಸಾಯ್ತಾನಂತ ಮೊದ್ಲ ಹೇಳಬಾರದೇನ್ರಿ? ನಾ ಕಡೀ ಹಾಳಿ ನೋಡಿ, ಅತ್ತಿಗೆ ಮುಂದ ಓದಿ ಹೇಳದ ನಿಲ್ಲಿಸೀನಿ. ನಮ್ಮತ್ತಿ ನೋಡಿದ್ರ, ಅಂವ ಬರೂತನಕ ಉಣ್ಣಂಗಿಲ್ಲ ಅಂತ ಕುಂತಾಳ. ನೀವ ಬಂದು ಹೇಳ್ರಿ!"

ಕಥೆಯ ಕೊನೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆದರೂ ಹೋದೆ. ಮುದುಕಿಯ ಮುಖ ಬಾಡಿತ್ತು.

"ಮಾಸ್ತರ್ರ, ಆ ಹುಡುಗ ಬಂದನೋ ಇಲ್ಲೋ?"

ಪುಸ್ತಕದಲ್ಲಿ ಅವನನ್ನು ಕಾಡಿನಲ್ಲೇ ಹೂಳಿದ್ದರು. "ಬಂದ ಯವ್ವಾ, ಆರಾಮ ಅದಾನ" ಎಂದುಬಿಟ್ಟೆ.

ಟೀಚರ್ ಲಗುಬಗೆಯಿಂದ ತಾಟು ತಂದಿಟ್ಟರು. ಮುದುಕಿ ರೊಟ್ಟಿ ಮುರಿಯುತ್ತಾ, "ಲಗ್ನ ಆತೇನು?" ಎಂದಳು.

"ಆತು."

"ಹೆಣ್ಣು ಯಾವೂರದು?"

ಬಾಯಿಗೆ ಬಂದದ್ದು ಹೇಳಿದೆ. "ದೇವದುರ್ಗದ್ದು."

ಮುದುಕಿಯ ಕೈ ನಿಂತಿತು. "ದೇವದುರ್ಗ ನನ್ನ ತವರುಮನಿ! ಯಾರ ಮಗಳು ಹೇಳು?"

ಈಗ ಯಾರಾದರೂ ಓದಲು ಒಳ್ಳೆಯ ಪುಸ್ತಕ ಹೇಳಿ ಎಂದರೆ, ನಾನು ಪಂಚಾಂಗ ಓದಿ ಎನ್ನುತ್ತೇನೆ.