ತಾತನ ಎಡೆಗೆ ಬೆಲ್ಲದ ಕಾಫಿ

ಮೊನ್ನೆ ಸುಂಟಿಕೊಪ್ಪದ ಒಂದು ಮದುವೆಯಲ್ಲಿ ನನ್ನ ತಮ್ಮನ ಮೊಮ್ಮಗ, ಎದುರಿಗೆ ಬಂದ ಗ್ಲಾಸನ್ನು ಪಕ್ಕಕ್ಕೆ ಸರಿಸಿ, ತಾನು ಕುಡಿಯುವುದು ಬಿಟ್ಟಿದ್ದೇನೆ ಎಂದ. ತಂದವನು ಒಳ್ಳೆಯದಾಯಿತು ಎಂದು ಮುಂದಿನವರ ಕಡೆ ಹೋದ. ಅಷ್ಟೇ. ಯಾರೂ ಕತ್ತು ತಿರುಗಿಸಲಿಲ್ಲ. ನನಗೊಬ್ಬಳಿಗೆ ಕಣ್ಣು ತುಂಬಿತು. ಸಾರಿನ ಖಾರದ ಮೇಲೆ ತಪ್ಪು ಹೊರಿಸಿದೆ.

ಕೊಡಗು ಇನ್ನೂ ಬೇರೆಯೇ ರಾಜ್ಯವಾಗಿದ್ದಾಗ ನಾನು ಸಣ್ಣವಳು. ಹಾಸನದ ಕಡೆಯಿಂದ ಬಂದು ಹಾರಂಗಿ ಹೊಳೆಯ ಬಳಿ ಗದ್ದೆ ಮಾಡಿಕೊಂಡಿದ್ದ ಕುಟುಂಬ ನಮ್ಮದು. ಅಪ್ಪ ಚೆನ್ನಾಗಿ ಕುಡಿಯುತ್ತಿದ್ದ. ಅದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ದಾರಿಯಲ್ಲಿ ಬಿದ್ದಿದ್ದರೆ ನಗುತ್ತಲೇ ಎತ್ತಿ ತಂದು ಜಗಲಿಯ ಮೇಲೆ ಮಲಗಿಸಿ ಹೋಗುತ್ತಿದ್ದರು. ಒಂದು ಸಂತೆಯ ದಿನ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತ ಗದ್ದೆಯ ಬದುವಿನಲ್ಲಿ ಜಾರಿದ. ನನ್ನ ಎಡ ಮೊಣಕೈ ಮುರಿಯಿತು. ಅದು ಇವತ್ತಿಗೂ ನೆಟ್ಟಗಾಗಿಲ್ಲ. ಅಪ್ಪ ಮಾತ್ರ ನೆಟ್ಟಗಾದ, ಅವತ್ತಿನಿಂದ ಸಾರಾಯಿ ಮುಟ್ಟಲಿಲ್ಲ.

ಊರಿಗೆ ಅದನ್ನು ಸಹಿಸಲಾಗಲಿಲ್ಲ. ಯಾವ ಮಠ ಸೇರಿದೆಯಪ್ಪಾ ಎಂದು ರೇಗಿಸಿದರು; ಅಪ್ಪ ನಕ್ಕು ಸುಮ್ಮನಾದ. ಆಮೇಲೆ ಎದ್ದ ಮಾತಿಗೆ ನಗುವಂತಿರಲಿಲ್ಲ. ಗಂಡಸು ತಾನಾಗಿ ಕುಡಿತ ಬಿಡುವುದುಂಟೇ, ಹೆಂಡತಿ ಅನ್ನದಲ್ಲಿ ಮದ್ದು ಹಾಕಿ ಕೈವಶ ಮಾಡಿಕೊಂಡಿದ್ದಾಳೆ ಎಂದರು. ಮದ್ದು ಹಾಕುವವಳು ಎಂಬ ಹೆಸರು ಬಂದ ಹೆಂಗಸಿನ ಕೈಯಿಂದ ಆಗ ಯಾರೂ ನೀರು ಕೂಡ ಕುಡಿಯುತ್ತಿರಲಿಲ್ಲ. ನನ್ನ ಸ್ವಂತ ಚಿಕ್ಕಪ್ಪನೇ ಜಗಲಿಯಲ್ಲಿ ನಿಂತು, ಈಗ ತಾನೇ ಉಂಡೆ ಎಂದು ಹೊರಟುಬಿಡುತ್ತಿದ್ದ. ಅಮ್ಮ ಅವನಿಗೆಂದು ಕಾಯಿಸಿದ ಕಾಫಿ ಆರಿಹೋಗುತ್ತಿತ್ತು. ತಾನು ಎಲ್ಲರೆದುರು ಒಂದು ಗುಟುಕು ಸಾರಾಯಿ ಕುಡಿದುಬಿಟ್ಟರೆ ಅವಳ ಮೇಲಿನ ಅಪವಾದ ಹೋಗುತ್ತದಲ್ಲ ಎಂದು ಅಪ್ಪ ಅಜ್ಜಿಯ ಹತ್ತಿರ ಅಂದದ್ದು ನನ್ನ ಕಿವಿಗೂ ಬಿತ್ತು.

ಪಿತೃಪಕ್ಷ ಬಂತು. ಹಿರಿಯರಿಗೆ ಎಡೆ ಇಡುವಾಗ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಇಡಬೇಕು. ತಾತನ ಎಲೆಗೆ ಕಡುಬು, ಕೋಳಿಸಾರು, ಬೀಡಿ ಕಟ್ಟು, ಒಂದು ಲೋಟ ಸಾರಾಯಿ. ಪೂಜೆಯಾದ ಮೇಲೆ ಆ ಲೋಟದಿಂದ ಮೊದಲು ಹಿರಿಮಗ, ಆಮೇಲೆ ಉಳಿದವರು ಪ್ರಸಾದವೆಂದು ಕುಡಿಯುವುದು ನಮ್ಮ ಪದ್ಧತಿ. ಅವತ್ತಿನ ಅಡುಗೆಯೆಲ್ಲ ಚಿಕ್ಕಮ್ಮನದು. ಅಮ್ಮನನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಎಡೆಗೆ ಇಡಲೆಂದು ಚಿಕ್ಕಪ್ಪ ಲೋಟ ತಂದು ಅಪ್ಪನ ಕೈಗೆ ಕೊಟ್ಟ. ನೆಂಟರೆಲ್ಲ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಅಪ್ಪ ಲೋಟವನ್ನು ಎಲೆಯ ಪಕ್ಕ ಇಡದೆ ಹಿಡಿದುಕೊಂಡೇ ನಿಂತ.

ಅಜ್ಜಿ ಎದ್ದು ಆ ಲೋಟ ಇಸಿದುಕೊಂಡು ಹಿತ್ತಲಿಗೆ ಹೋಗಿ ಬಾಳೆಯ ಬುಡಕ್ಕೆ ಸುರಿದು ಬಂದಳು. ಅಮ್ಮನಿಗೆ ಒಂದು ಚೊಂಬು ಬೆಲ್ಲದ ಕಾಫಿ ಕಾಯಿಸಿ ತಾ ಎಂದಳು. ಅದೇ ಲೋಟ ತೊಳೆದು, ಅಮ್ಮ ತಂದದ್ದನ್ನು ಅದಕ್ಕೆ ಬಗ್ಗಿಸಿ, ತಾತನ ಎಲೆಯ ಪಕ್ಕ ಇಟ್ಟಳು. ತಾತನಿಗೆ ಸಿಟ್ಟು ಬರುವುದಿಲ್ಲವೇ ಎಂದು ಚಿಕ್ಕಪ್ಪ ಗೊಣಗಿದ.

‘ಮದ್ದು ಹಾಕಿರೋದು ಅವ್ಳಲ್ಲ, ನಾನು ಅಂತ್ಲೇ ಇಟ್ಕೋ ಕಣೋ’ ಅಂದಳು ಅಜ್ಜಿ. ‘ನಿಮ್ಮಪ್ಪಂಗೂ ಹಾಕ್ದೆ ಹೋದ್ನಲ್ಲಾ ಅಂತ ಹೊಟ್ಟೆ ಉರೀತದೆ. ಹಾಕಿದ್ರೆ ಇವತ್ತು ನಮ್ ಜೊತೆ ಕೂತು ಉಣ್ಣೋರು.’

ತಾತನನ್ನು ಕೊಂದದ್ದು ಕುಡಿತವೇ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಏಳು ಜನ್ಮ ಎತ್ತಿದರೂ ನಾನು ಆ ಅಜ್ಜಿಯ ಋಣ ತೀರಿಸಲಾರೆ.

ಪೂಜೆಯಾಯಿತು. ಅಪ್ಪ ಒಂದು ಗುಟುಕು ಕುಡಿದು ಲೋಟವನ್ನು ಚಿಕ್ಕಪ್ಪನಿಗೆ ಕೊಟ್ಟ. ಹಿರಿಯರ ಪ್ರಸಾದ, ಬೇಡ ಅನ್ನುವ ಹಾಗಿಲ್ಲ. ಚಿಕ್ಕಪ್ಪ ಕಣ್ಣು ಮುಚ್ಚಿ ಕುಡಿದ. ಸ್ವಲ್ಪ ಹೊತ್ತು ಕಾದ, ಏನೂ ಆಗಲಿಲ್ಲ. ಆಮೇಲೆ ತಲೆ ತಗ್ಗಿಸಿಕೊಂಡು, ‘ಇನ್ನೊಂಚೂರು ಬೆಲ್ಲ ಬೇಕಿತ್ತು ಅತ್ಗೆ’ ಅಂದ.

ಬೆಲ್ಲ ತರಲು ಒಳಗೆ ಹೋದ ಅಮ್ಮ ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದರೆ, ಬೆಲ್ಲದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಅಳುತ್ತಿದ್ದಳು.