ಯೇಸುವಿನ ಇಬ್ಬರು ಅಜ್ಜಂದಿರು ಮತ್ತು ನಮ್ಮ ಮನೆತನದ ಹುಲಿ

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನಾಚಿಕೆಯಿಲ್ಲ, ಹಿರೇಗುಂಟನೂರಿನಿಂದ ದುರ್ಗಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಓದಿದ್ದೇನೆ. ಎಂ.ಎ. ಇತಿಹಾಸದ ಕೊನೆಯ ವರ್ಷ ಸೆಮಿನಾರಿಗೆ ನನಗೆ ಬಂದ ವಿಷಯ, ಯೇಸುವಿನ ಕಥೆ ಹೇಳುವ ಬೈಬಲಿನ ಸುವಾರ್ತೆಗಳನ್ನು ಇತಿಹಾಸದ ಆಕರವಾಗಿ ಓದುವುದು. ಕುರಿ ಕಾಯುವವರ ಮನೆಯವಳಿಗೆ ಇದ್ಯಾಕೆ ಸಾರ್ ಎಂದು ಕೇಳಿದೆ. ಚೀಟಿ ಎತ್ತಿದ್ದು ನೀನೇ ಅಂದರು.

ಜೊತೆಗೆ ಓದುತ್ತಿದ್ದ ಕ್ರಿಶ್ಚಿಯನ್ ಗೆಳತಿ ತನ್ನ ಕನ್ನಡ ಬೈಬಲ್ ಕೊಟ್ಟಳು. ಪೆನ್ಸಿಲ್ ಹಿಡಿದು ಓದಬಾರದು ಎಂಬುದೊಂದೇ ಅವಳ ಷರತ್ತು. ಹಾಗಾಗಿ ಬೆರಳು ಮಡಚಿ ಎಣಿಸುತ್ತ ಓದಿದೆ. ಮೊದಲನೇ ಸುವಾರ್ತೆ ಶುರುವಾಗುವುದೇ ವಂಶಾವಳಿಯಿಂದ. ಮೂರು ಭಾಗ ಮಾಡಿ, ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು ತಲೆಮಾರು ಎಂದು ಅದರಲ್ಲಿದೆ. ಕೊನೆಯದನ್ನು ಎಷ್ಟು ಸಲ ಎಣಿಸಿದರೂ ನನಗೆ ಹದಿಮೂರೇ ಸಿಕ್ಕಿತು. ಮೂರನೇ ಸುವಾರ್ತೆಯಲ್ಲೂ ವಂಶಾವಳಿ ಇದೆ. ಅಲ್ಲಿ ಯೇಸುವಿನ ಅಜ್ಜನೇ ಬೇರೆ. ಗೆಳತಿಗೆ ತೋರಿಸಿದರೆ, ಗೊತ್ತು ಅಂದಳು. ಗೊತ್ತಿದ್ದೂ ಹೇಗೆ ನಂಬುತ್ತೀಯ ಎಂದೆ. ನಾನು ನಂಬುವುದು ಅಜ್ಜನನ್ನಲ್ಲ ಎಂದಳು.

ಆ ವಾರವೇ ನಮ್ಮ ಮನೆಗೆ ಹೆಳವ ಬಂದ. ಮೂರು ನಾಲ್ಕು ವರ್ಷಕ್ಕೊಮ್ಮೆ ಬಂದು, ಮನೆತನದ ಗಂಡಸರ ಹೆಸರನ್ನು ಮೂಲಪುರುಷನಿಂದ ಹಿಡಿದು ಓದಿ, ಹೊಸದಾಗಿ ಹುಟ್ಟಿದ ಗಂಡುಮಕ್ಕಳನ್ನು ಪುಸ್ತಕಕ್ಕೆ ಸೇರಿಸಿ, ಕಾಳು ಪಡೆದು ಹೋಗುವುದು ಅವರ ಕುಲಕಸುಬು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರಂತೆ. ಈತ ಮೊಪೆಡ್ಡಿನಲ್ಲಿ ಬಂದ. ಎತ್ತಿನ ಗಂಟೆ ಮಾತ್ರ ಹ್ಯಾಂಡಲ್ಲಿನಲ್ಲಿ ನೇತಾಡುತ್ತಿತ್ತು.

ಯೇಸುವಿನ ಸಮಸ್ಯೆಯನ್ನು ಅವನ ಮುಂದಿಟ್ಟೆ. ಅವನಿಗೆ ಸಮಸ್ಯೆಯೇ ಕಾಣಲಿಲ್ಲ. ಒಬ್ಬ ಹೆಳವ ಅಪ್ಪನ ಕಡೆಯಿಂದ ಬರೆದಿದ್ದಾನೆ, ಇನ್ನೊಬ್ಬ ತಾಯಿ ಕಡೆಯಿಂದ ಅಂದ. ವಿದ್ವಾಂಸರು ದಪ್ಪ ದಪ್ಪ ಪುಸ್ತಕ ಬರೆದು ಹೇಳಿದ್ದನ್ನು ಅವನು ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಮುಗಿಸಿದ್ದ. ಹದಿಮೂರು ಯಾಕೆ ಎಂದರೆ ಅದಕ್ಕೂ ಉತ್ತರವಿತ್ತು.

"ಆ ತಲೆಮಾರಿನೋರು ಕಾಳು ಕೊಟ್ಟಿರಲ್ಲ. ಬಿಟ್ಟಾನೆ."

ಅಪ್ಪ ಕೂಡಲೇ ಅವ್ವನಿಗೆ ಇನ್ನೊಂದು ಮೊರ ಜೋಳ ತರಲು ಸನ್ನೆ ಮಾಡಿದ.

ಅದೇ ಧೈರ್ಯದಲ್ಲಿ ನನ್ನ ಹೆಸರನ್ನೂ ಬರೆಯಿರಿ ಎಂದೆ. ಹೆಣ್ಣುಮಕ್ಕಳನ್ನು ಬರೆಯುವ ಪದ್ಧತಿಯಿಲ್ಲ, ಕೊಟ್ಟ ಮನೆಯ ಹೆಳವ ನೋಡಿಕೊಳ್ಳುತ್ತಾನೆ ಅಂದ.

"ನನ್ನ ಕೊಟ್ಟ ಮನೆ ಇದೇ ಅಲ್ಲೇನ್ರಿ," ಅವ್ವ ಮೊರ ಇಳಿಸುತ್ತಾ ಅಂದಳು. "ಬಂದು ಇಪ್ಪತ್ತೇಳು ವರ್ಷ ಆತು. ಎಲ್ಲಿ ಬರದೀರಿ?"

ನಾನು ಬೈಬಲ್ ತಂದು ತೆರೆದೆ. ಮೊದಲನೇ ಸುವಾರ್ತೆಯ ಪಟ್ಟಿಯಲ್ಲಿ ಯೇಸುವಿನ ತಾಯಿಗಿಂತ ಮೊದಲೇ ನಾಲ್ಕು ಹೆಂಗಸರಿದ್ದಾರೆ. ಅಂಥ ಮನೆತನವೇ ಬರೆಸಿರುವಾಗ ನಮ್ಮದೇನು ಎಂದು ವಾದಿಸಿದೆ. ಹೆಳವ ಬಹಳ ಆಸಕ್ತಿಯಿಂದ, ಅವರೇನು ಮಾಡಿದ್ದರು ಎಂದು ಕೇಳಿದ.

ಇತಿಹಾಸ ಓದಿದವಳು, ಮುಚ್ಚಿಡಲಾಗಲಿಲ್ಲ. ಒಬ್ಬಳು ಮುಸುಕು ಹಾಕಿಕೊಂಡು ಸ್ವಂತ ಮಾವನಿಂದ ಮಕ್ಕಳನ್ನು ಪಡೆದವಳು, ಒಬ್ಬಳು ವೇಶ್ಯೆ, ಒಬ್ಬಳು ಪರದೇಶದ ವಿಧವೆ, ಇನ್ನೊಬ್ಬಳು ಮತ್ತೊಬ್ಬನ ಹೆಂಡತಿಯಾಗಿರುವಾಗ ರಾಜನ ಕಣ್ಣಿಗೆ ಬಿದ್ದವಳು. ಅಪ್ಪ ಕುರಿ ನೋಡಿ ಬರುತ್ತೇನೆಂದು ಎದ್ದುಹೋದ. ಕುರಿಗಳು ಕಣ್ಣೆದುರಿಗೇ ಇದ್ದವು.

"ಹಂಗಾರೆ ನಿನ್ನ ಹೆಸರು ಬರದ್ರೆ, ಮುಂದೆ ಕೇಳೋರು ಈಕಿ ಏನು ಮಾಡಿದ್ಲು ಅಂತಾರಲ್ಲವ್ವ?" ಎಂದ ಹೆಳವ.

"ಡಿಗ್ರಿ ಮಾಡೀನಿ."

"ಯಾರು ನಂಬ್ತಾರೆ?"

ಸರ್ಟಿಫಿಕೇಟು ತಂದೆ. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿ, ಕಾಗದ ತನ್ನಲ್ಲೂ ಇದೆ ಎಂದು ಪುಸ್ತಕ ತಟ್ಟಿದ. ನಮ್ಮ ಮೂಲಪುರುಷ ಕಂಬಳಿ ಸುತ್ತಿದ ಕೈಯನ್ನು ಹುಲಿಯ ಬಾಯಿಗೆ ತುರುಕಿ ಅದನ್ನು ಕೊಂದ ಎಂದು ಅದರಲ್ಲಿದೆ. ಹಿಂದಿನ ಸಲ ಬಂದಾಗ, ಕಾಲೇಜಿನ ಹೊಸ ಹುರುಪಿನಲ್ಲಿ, ಇದಕ್ಕೇನು ಆಧಾರ ಎಂದು ಕೇಳಿ ನಕ್ಕಿದ್ದೆ. ಅವನು ಮರೆತಿರಲಿಲ್ಲ.

"ನೀನು ನನ್ನ ಹುಲಿ ನಂಬು. ನಾನು ನಿನ್ನ ಡಿಗ್ರಿ ನಂಬ್ತೀನಿ."

ಹೌದು ಎಂದರೆ ಇಷ್ಟು ವರ್ಷ ಓದಿದ್ದು ನೀರಿನಲ್ಲಿ ಮಾಡಿದ ಹೋಮ. ಇಲ್ಲ ಎಂದರೆ, ಹಾಗೆ ಓದಿದವಳೊಬ್ಬಳು ಈ ಮನೆಯಲ್ಲಿದ್ದಳು ಎಂಬುದಕ್ಕೇ ಗುರುತಿಲ್ಲ. ಗೆಳತಿ ಅಜ್ಜನ ಬಗ್ಗೆ ಹೇಳಿದ್ದು ನೆನಪಾಯಿತು. ಕಂಬಳಿ ನಂಬುತ್ತೇನೆ ಅಂದೆ. ಕುರಿ ಉಳಿಸಲು ಕೈ ಕೊಟ್ಟವನೊಬ್ಬ ಇದ್ದ, ನಂಬುತ್ತೇನೆ. ಬಂದದ್ದು ಹುಲಿಯೋ ತೋಳವೋ ನಾನು ಹೇಳಲಾರೆ.

ಹೆಳವ ಪುಸ್ತಕ ಬಿಚ್ಚಿದ. ತೋಳಕ್ಕಾದರೆ ಅರ್ಧ ಮಾತ್ರ ಬರೆಯಬಹುದು ಎಂದು ತೀರ್ಮಾನಿಸಿದ. ಯಾವ ಅರ್ಧ ಎಂದು ಕೇಳಿದೆ. ಮಾಡಿದ ಕೆಲಸ ಬರೆಯುತ್ತಾನಂತೆ, ಹೆಸರು ಬರೆಯುವುದಿಲ್ಲವಂತೆ.

ಆಗ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕದ ಎದುರು ಬಂದು ಕುಳಿತಳು.

"ನಂದು ಪೂರ್ತಿ ಬರ್ಕಳ್ರಿ. ನಾನು ಬಂದ ದಿನದಿಂದ ಹುಲಿನೇ ನಂಬೀನಿ."

ಅವನಿಗೆ ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದರೆ ಮಾತ್ರ ಅದು ಪುಸ್ತಕಕ್ಕೆ ಸೇರಿದ ಲೆಕ್ಕವಂತೆ. ಮೊಪೆಡ್ಡಿನ ಗಂಟೆ ಬಿಚ್ಚಿ ತಂದು ಬಾರಿಸಿ, ಮೂಲಪುರುಷನಿಂದ ಹಿಡಿದು ಓದುತ್ತ ಬಂದ. ಅಪ್ಪನ ಹೆಸರು ಬಂತು. ಅದರ ಪಕ್ಕದಲ್ಲಿ ಅವ್ವನ ಹೆಸರು, ಆಮೇಲೆ "ಆಕಿ ಮಗಳು, ಓದಿದಾಕಿ."

ಅವ್ವ ಅಲ್ಲಾಡದೆ ಕೇಳಿದಳು. ಆಮೇಲೆ ಎದ್ದು ಒಳಗೆ ಹೋಗಿ ಮೂರನೇ ಮೊರ ಜೋಳ ತಂದು, ಅಪ್ಪನಿಂದ ಈಚೆಗೆ ಇನ್ನೊಂದು ಸಲ ಓದಲು ಹೇಳಿದಳು.